ಅತ್ತೆಯ ಹೆಬ್ಬೆಟ್ಟು, ಮಾಚಿಪತ್ರೆಯ ಹೊಗೆ

ಕಾಮಸಮುದ್ರದ ಕಡೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ಬಸ್ಸಿನಲ್ಲಿ ನಾನು ಹೊಟ್ಟೆ ತೊಳಸದೆ ಇಳಿದ ದಿನವೇ ಇರಲಿಲ್ಲ. ಕಂಡಕ್ಟರಿಗೂ ಇದು ಗೊತ್ತಿತ್ತು. ನಾನು ಹತ್ತಿದ ಕೂಡಲೇ ಕಿಟಕಿ ಪಕ್ಕ ಕೂತವರನ್ನು ಎಬ್ಬಿಸಿ, "ಅಕ್ಕನಿಗೆ ಜಾಗ ಬಿಡ್ರಪ್ಪಾ, ಆಮ್ಯಾಕೆ ನನ್ನ ಬೈಬ್ಯಾಡಿ" ಅನ್ನುತ್ತಿದ್ದ. ಆ ದಿನ ಅತ್ತೆಯ ಮಾತ್ರೆ ತರಲು ಹೋಗಿದ್ದೆ. ಬಸ್ಸಿಳಿದು ಮೆಡಿಕಲ್ ಸ್ಟೋರಿನ ತನಕ ಹೇಗೋ ನಡೆದೆ, ಅದರ ಪಕ್ಕದ ಮಹಡಿ ಮೆಟ್ಟಿಲ ಮೇಲೆ ಕುಸಿದು ಕೂತೆ. ಮೇಲಿನಿಂದ ಬೆಳ್ಳಿಗೂದಲಿನ ಹೆಂಗಸೊಬ್ಬರು ಇಳಿದು ಬಂದು ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಬಸ್ಸಾ, ಬಸುರಾ?"

"ಬಸ್ಸು" ಅಂದೆ.

ಅವರು ನನ್ನ ಕೈ ತಿರುಗಿಸಿ, ಮಣಿಕಟ್ಟಿನಿಂದ ಮೂರು ಬೆರಳು ಮೇಲಕ್ಕೆ, ಎರಡು ನರಗಳ ನಡುವೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಬಾಯಿಯ ಹುಳಿನೀರು ಇಂಗಿತು. ತೊಳಸುತ್ತಿದ್ದ ಹೊಟ್ಟೆ ತಣ್ಣಗಾಯಿತು. ನನ್ನ ಚೀಲದಲ್ಲಿ ಅವರೆಕಾಯಿ ಇತ್ತು. ಅವರೇ ಕೈ ಹಾಕಿ ಒಂದು ಕಾಯಿ ಬಿಡಿಸಿ, ಕಾಳನ್ನು ಆ ಜಾಗದ ಮೇಲಿಟ್ಟು, ನನ್ನ ಕರ್ಚೀಫಿನಿಂದ ಬಿಗಿಯಾಗಿ ಕಟ್ಟಿದರು. ವಾಪಸ್ ಬಸ್ಸಿನಲ್ಲಿ ನಡುವಿನ ಸೀಟಿನಲ್ಲಿ ಕೂತು, ಸುತ್ತಲಿನವರನ್ನೆಲ್ಲ ರಾಣಿಯ ಹಾಗೆ ನೋಡುತ್ತಾ ಊರು ಸೇರಿದೆ. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನ ಭಾನುವಾರವೇ ಅವರ ತರಗತಿಗೆ ಸೇರಿದೆ. ಅವರು ನಿವೃತ್ತ ನರ್ಸು. ತಂದೆ ಅಲ್ಲಿನ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುತ್ತಿದ್ದವರು. ಮನೆಮಾತು ತಮಿಳು, ಉಳಿದಿದ್ದೆಲ್ಲ ಕಲಬೆರಕೆ. ಕೆಲಸ ಬಿಟ್ಟ ಮೇಲೆ ಚೀನಾ ಪದ್ಧತಿಯ ವೈದ್ಯ ಕಲಿತು, ಮನೆಮಂದಿ ಮನೆಮಂದಿಗೆ ಮಾಡಬಹುದಾದಷ್ಟನ್ನು ಮಾತ್ರ ಹೇಳಿಕೊಡುತ್ತಿದ್ದರು. ಸೂಜಿ ಚುಚ್ಚುವುದು ನಮಗಿಲ್ಲ. ಬೆರಳಿನಿಂದ ಒತ್ತುವುದು, ಬಿಸಿ ತಾಕಿಸುವುದು, ಅಷ್ಟೇ. ನಾವೆಲ್ಲ ಅವರನ್ನು ಟೀಚರ್ ಅನ್ನುತ್ತಿದ್ದೆವು.

"ಮೊದಲು ಡಾಕ್ಟರ್, ಆಮೇಲೆ ನಿನ್ನ ಬೆರಳು. ಡಾಕ್ಟರಿಗೆ ತೋರಿಸದೆ ಇರೋ ನೋವನ್ನ ಮುಟ್ಟಿದ್ರೆ ನನ್ನ ಕ್ಲಾಸಿಗೆ ಬರಬೇಡ ಕಣ್ಣು" ಅಂತ, ತಮಿಳರ ಮುದ್ದಿನ 'ಕಣ್ಣು' ಸೇರಿಸಿಯೇ, ಮೊದಲ ದಿನವೇ ಹೆದರಿಸಿದರು.

ಗೋಡೆಯ ಮೇಲೆ ಮನುಷ್ಯನ ದೊಡ್ಡ ಚಿತ್ರ. ತಲೆಯಿಂದ ಕಾಲಿನವರೆಗೆ ಗೆರೆಗಳು, ಗೆರೆಗಳ ಮೇಲೆ ಚುಕ್ಕಿಗಳು. ಒಂದೊಂದು ಚುಕ್ಕಿಗೂ ಚೀನಾದವರು ಇಟ್ಟ ಹೆಸರು ಕೇಳಿ ನನಗೆ ಹುಚ್ಚೇ ಹಿಡಿಯಿತು. ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಜಾಗ ಕೂಡುಕಣಿವೆಯಂತೆ. ಅದನ್ನು ಬಸುರಿಯರಿಗೆ ಒತ್ತಕೂಡದು ಅಂತ ಟೀಚರ್ ಮೂರು ಸಲ ಹೇಳಿದರು. ಮೊಣಕಾಲ ಕೆಳಗೆ, ಮೂಳೆಯ ಹೊರಮಗ್ಗುಲಿನದು ಕಾಲಿನ ಮೂರು ಮೈಲಿ. ದಣಿದವನು ಅದನ್ನು ಒತ್ತಿಕೊಂಡರೆ ಇನ್ನೂ ಮೂರು ಮೈಲಿ ನಡೆಯಬಲ್ಲನಂತೆ! ಅಂಥ ಹೆಸರಿಟ್ಟವರು ನಮ್ಮ ಹಾಗೆಯೇ ನಡೆದು ನಡೆದು ಕಾಲು ನೋಯಿಸಿಕೊಂಡವರೇ ಇರಬೇಕು.

ಆ ಮೂರು ಮೈಲಿಯನ್ನು ಅದೇ ಸಂಜೆ ನನ್ನ ಗಂಡನ ಮೇಲೆ ಪ್ರಯೋಗಿಸಿದೆ. ಅವರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಕಡೆಯ ಕಾರ್ಖಾನೆಗೆ ಹೋಗಿಬರುವವರು. ಸೀಟು ಸಿಗುವುದು ಅಪರೂಪ. ಭಾನುವಾರವೂ ಕಾಲು ನೋವೆಂದು ಮಲಗಿದ್ದರು. ಎರಡು ಕಾಲನ್ನೂ ಒತ್ತಿದೆ. "ಅಯ್ಯಯ್ಯೋ" ಎಂದು ಕೂಗಿದವರು ಆಮೇಲೆ ಸುಮ್ಮನಾಗಿ, "ಇನ್ನೊಂಚೂರು ಒತ್ತು" ಅಂದರು. ನಾನು ಗೆದ್ದೆ. ಆಮೇಲೆ ನಮ್ಮ ಬೀದಿಯಲ್ಲಿ ತಲೆನೋವು ಅಂದವರಿಗೆ ಉಳಿಗಾಲವಿಲ್ಲ. ಬಾಯಿ ಮುಚ್ಚುವುದರೊಳಗೆ ನನ್ನ ಹೆಬ್ಬೆಟ್ಟು ಅವರ ಹಣೆಯ ಮೇಲಿರುತ್ತಿತ್ತು.

ಆದರೆ ನಾನು ತರಗತಿಗೆ ಸೇರಿದ್ದು ಬೀದಿಯವರಿಗಾಗಿ ಅಲ್ಲ, ಅತ್ತೆಯ ಬಲಗೈಗಾಗಿ.

ನಮ್ಮ ಮನೆಯಲ್ಲಿ ಎರಡು ಸೀಮೆಹಸು, ಒಂದು ಕರಿಯದು, ಒಂದು ಚುಕ್ಕೆಯದು. ಎರಡೂ ಕರುವಾಗಿದ್ದಾಗಿನಿಂದ ಅತ್ತೆಯ ಕೈಯಲ್ಲೇ ಬೆಳೆದವು. ಎರಡು ಹೊತ್ತೂ ಹಾಲು ಕರೆಯುವುದು ಅವರೇ. ನಾನು ಬಂಗಾರಪೇಟೆಯ ಸ್ಟೇಷನ್ ಹತ್ತಿರ ಪ್ಯಾಕೆಟ್ ಹಾಲು ಕುಡಿದು ಬೆಳೆದವಳು. ನಾನು ಕೆಚ್ಚಲಿಗೆ ಕೈ ಹಾಕಿದರೆ ಕರಿಯದು ಹಾಲನ್ನು ಮೇಲಕ್ಕೆಳೆದುಕೊಂಡು ತಿರುಗಿ ನೋಡುತ್ತದೆ, ಚುಕ್ಕೆಯದು ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ ಒದೆಯುತ್ತದೆ. ಅತ್ತೆಯ ಹೆಬ್ಬೆಟ್ಟಿನ ಬುಡ ಊದಿಕೊಂಡು ಎರಡು ತಿಂಗಳಾಗಿತ್ತು. ಬೆಳಗ್ಗೆ ಎದ್ದರೆ ತಲೆ ಬಾಚಲೂ ಆಗುತ್ತಿರಲಿಲ್ಲ. ಬಂಗಾರಪೇಟೆಯ ಡಾಕ್ಟರು ನರದ ಮೇಲಿನ ಪೊರೆ ಬಾತಿದೆ ಅಂತ ಮಾತ್ರೆ ಕೊಟ್ಟು, ಪಟ್ಟಿ ಕಟ್ಟಿ, ಕೈಗೆ ಬಿಡುವು ಕೊಡಿ ಅಂದಿದ್ದರು. ಬಿಡುವು ಎಲ್ಲಿಂದ ತರುವುದು? ಪಕ್ಕದ ಮನೆಯಾಕೆ ನಾಲ್ಕು ದಿನ ಕರೆದುಕೊಟ್ಟಳು. ಹಾಲು ಅರ್ಧಕ್ಕಿಳಿಯಿತು, ಅತ್ತೆ ಪಟ್ಟಿ ಬಿಚ್ಚಿ ಮತ್ತೆ ಹಸುವಿನ ಪಕ್ಕ ಕೂತರು.

ನನ್ನ ಗಂಡ ಒಂದು ದಿನ ಊಟದ ಮುಂದೆ ನಿರ್ಧಾರ ಹೇಳಿಬಿಟ್ಟರು. "ಯುಗಾದಿ ತಂಕ ನೋಡಾನ ಅಮ್ಮ. ಕೈ ಸರಿಓಗ್ಲಿಲ್ಲ ಅಂದ್ರೆ ಎರಡನ್ನೂ ಕೊಟ್ಬಿಡಾನ. ನಿನ್ ಕೈಗಿಂತ ಅಸ ದೊಡ್ದಲ್ಲ."

ಅತ್ತೆ ಮುದ್ದೆ ಮುರಿಯುತ್ತಾ, "ಅಸ ಓದ್ರೆ ನಾನು ಬೆಳಿಗ್ಗೆ ಯಾತಕ್ಕೆ ಏಳ್ಬೇಕ್ಲಾ?" ಎಂದಷ್ಟೇ ಕೇಳಿದರು.

ಹಾಗಾಗಿ ನನ್ನ ಕಣ್ಣೆಲ್ಲ ಅತ್ತೆಯ ಕೂಡುಕಣಿವೆಯ ಮೇಲೆ. ದಿನಾ ಮಧ್ಯಾಹ್ನ ಜಗಲಿಯ ಮೇಲೆ ಕೂರಿಸಿಕೊಂಡು, "ಅತ್ತೆ, ಕೈ ಕೊಡಿ" ಅನ್ನುತ್ತಿದ್ದೆ. ಮೊದಮೊದಲು ಅವರು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಮದುವೆಯಾಗಿ ಹತ್ತು ವರ್ಷವಾಗಿದ್ದರೂ ನಾನು ಅವರ ಕೈ ಹಿಡಿದಿದ್ದು ಅದೇ ಮೊದಲು. ಕ್ರಮೇಣ ಅವರೇ ಕೈ ಚಾಚಿ, ತಮ್ಮ ತವರಿನ ಆಂಧ್ರದ ಕಡೆಯ ಕತೆಗಳನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಮಧ್ಯಾಹ್ನಕ್ಕೆ ನೋವು ಇಳಿಯುತ್ತಿತ್ತು. ಸಂಜೆ ಹಾಲು ಕರೆದೆದ್ದರೆ ಮತ್ತೆ ಅಷ್ಟೇ ನೋವು. ನನಗೆ ರೇಗಿಹೋಗುತ್ತಿತ್ತು. ಒತ್ತುವುದು ಸಾಲದು, ಇನ್ನೂ ಏನಾದರೂ ಮಾಡಬೇಕು ಅನ್ನಿಸಿತು.

ಆಗ ಟೀಚರ್ ತರಗತಿಯಲ್ಲಿ ಒಂದು ಡಬ್ಬಿ ತೆರೆದರು. ಒಳಗೆ ದಪ್ಪ ಬೀಡಿಯಂಥ ಸುರುಳಿಗಳು. ಒಣಗಿದ ಸೊಪ್ಪನ್ನು ಹಿಂಜಿ ಕಾಗದದಲ್ಲಿ ಸುತ್ತಿದ್ದು. ತುದಿಗೆ ಕಿಡಿ ಹೊತ್ತಿಸಿ ನೋವಿನ ಜಾಗದ ಹತ್ತಿರ, ಚರ್ಮಕ್ಕೆ ಎರಡು ಬೆರಳು ದೂರದಲ್ಲಿ ಹಿಡಿದರೆ ಆಳದವರೆಗೆ ಬಿಸಿ ಇಳಿಯುತ್ತದಂತೆ. ಚೀನಾದವರು ಬಹಳ ಹಿಂದಿನಿಂದ ಹೀಗೆ ಮಾಡುತ್ತಾರಂತೆ. ಡಬ್ಬಿ ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂತು. ಮೂಸಿದೆ. ಕೂತಲ್ಲಿಂದ ಎದ್ದುಬಿಟ್ಟೆ.

"ಟೀಚರ್, ಇದು ನಮ್ಮ ಮಾಚಿಪತ್ರೆ!"

ಎಲ್ಲರೂ ಮೂಸಿದರು. ಹೌದು, ಹೂವಿನ ಜೊತೆ ಸೇರಿಸಿ ಕಟ್ಟುವ ಮಾಚಿಪತ್ರೆ, ಗಣೇಶನ ಪೂಜೆಗೆ ತರುವ ಮಾಚಿಪತ್ರೆ! ಚೀನಾದ ಮದ್ದು ನಮ್ಮ ಹೂವಾಡಗಿತ್ತಿಯ ಬುಟ್ಟಿಯಲ್ಲಿ ಬಾಡುತ್ತಾ ಕೂತಿತ್ತು! ಟೀಚರ್ ನಕ್ಕು, "ಅದೇ ಜಾತಿ ಗಿಡ, ಸರಿ. ಆದ್ರೆ ನನ್ನ ಕೇಳದೆ ಮನೇಲಿ ಹೊತ್ತಿಸಬೇಡ. ಬಯಲಲ್ಲಿ ಮಾಡಬೇಕು, ಕೈ ತೊಳೀಬೇಕು, ಇನ್ನೂ ಹೇಳೋದಿದೆ" ಅಂದರು. ನಾನು ಕೇಳಿಸಿಕೊಂಡೆನೇ? ಮನಸ್ಸಾಗಲೇ ಮಾರ್ಕೆಟ್ಟಿನಲ್ಲಿತ್ತು. ಇದ್ದಬದ್ದ ಮಾಚಿಪತ್ರೆಯನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡೆ. ಮನೆಯಲ್ಲಿ ದೇವರ ಕಾರ್ಯವೇ ಅಂತ ಹೂವಾಡಗಿತ್ತಿ ಕೇಳಿದಳು. ಹೌದು ಅಂದೆ.

ವಾರವಿಡೀ ಸೊಪ್ಪು ಒಣಗಿಸಿದೆ, ಅಂಗೈಯಲ್ಲಿ ಉಜ್ಜಿದೆ, ಕಡ್ಡಿ ಆರಿಸಿದೆ, ತೆಳು ಕಾಗದದಲ್ಲಿ ಸುತ್ತಿದೆ. "ಮನೇಲೇ ಬೀಡಿ ಕಟ್ತಾ ಇದ್ದೀಯಾ?" ಅಂತ ಗಂಡ ರೇಗಿಸಿದರು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಹಾಲು ಕರೆದ ಮೇಲೆ ನೋವು ಬರುತ್ತದೆ, ಆದ್ದರಿಂದ ಕರೆಯುವ ಮುಂಚೆಯೇ ಕೈ ಬಿಸಿ ಮಾಡಬೇಕು. ಚಳಿಯ ಸಂಜೆ, ಹೊರಗೆ ಗಾಳಿ. ಅದಕ್ಕೇ ಅತ್ತೆಯನ್ನು ಕೊಟ್ಟಿಗೆಯಲ್ಲೇ ಹಸುವಿನ ಪಕ್ಕ ಕೂರಿಸಿ, ಬಾಗಿಲು ಮುಂದಕ್ಕೆಳೆದು, ಒಂದಲ್ಲ, ಎರಡು ಸುರುಳಿ ಹೊತ್ತಿಸಿದೆ. ಅತ್ತೆ ಕಣ್ಣು ಮುಚ್ಚಿ, "ಆಹಾ, ಮೂಳೆ ತಂಕ ಓಗ್ತೈತೆ ಕಣಮ್ಮ" ಅಂದರು. ನಾನು ಕುಣಿದಾಡುವುದೊಂದು ಬಾಕಿ. ಬಿಸಿ ಆರುವುದರೊಳಗೆ ಅವರು ಹಾಲು ಕರೆದರು. ಕರಿಯದು ಎರಡು ಸಲ ಸೀನಿತು. ನಾನು ಅದನ್ನೂ ಒಳ್ಳೆಯ ಶಕುನ ಅಂದುಕೊಂಡೆ.

ಡೈರಿಗೆ ಅವತ್ತು ಅತ್ತೆಯೇ ಕ್ಯಾನು ತೆಗೆದುಕೊಂಡು ಹೊರಟರು, ಹಿಂದೆ ನಾನು. ಸಾಲಿನಲ್ಲಿ ಅರ್ಧ ಊರಿತ್ತು. ಡೈರಿಯ ಸೆಕ್ರೆಟರಿ ಮುಚ್ಚಳ ತೆಗೆದವನು ಮೂಗು ಹಿಂದಕ್ಕೆಳೆದುಕೊಂಡ. ಮತ್ತೆ ಬಗ್ಗಿ ಮೂಸಿದ.

"ಏನ್ ದೊಡ್ಡಮ್ಮ, ಆಲಲ್ಲಿ ಗಣೇಶನ ಅಬ್ಬ ಮಾಡಿದ್ದೀರಾ? ವಗೆ ವಾಸ್ನೆ ಒಡೀತೈತೆ. ಇದನ್ನ ಎಲ್ರ ಆಲಿಗೆ ಬೆರ್ಸಕ್ಕಾಗಲ್ಲ."

ಜನ ನಕ್ಕರು. ಸೆಕ್ರೆಟರಿಯದೇನೂ ತಪ್ಪಿರಲಿಲ್ಲ. ಮನೆಗೆ ಬಂದು ನಾನೇ ಒಂದು ಗುಟುಕು ಕುಡಿದೆ, ನಿಜಕ್ಕೂ ಹೊಗೆ ನೆಕ್ಕಿದ ಹಾಗಿತ್ತು. ಅಷ್ಟು ವರ್ಷಗಳಲ್ಲಿ ಅತ್ತೆಯ ಹಾಲು ಒಂದು ದಿನವೂ ವಾಪಸ್ ಬಂದಿರಲಿಲ್ಲ. ನೀರು ಬೆರೆಸಿದ ಮನೆಗಳ ಹೆಸರನ್ನು ಬೆರಳು ಮಡಚಿ ಹೇಳುತ್ತಿದ್ದವರು ಅವರು. ಹಾಲನ್ನು ಕರುಗಳು ಕುಡಿಯುವ ಬಾನಿಗೆ ಸುರಿದು, ಕ್ಯಾನು ತೊಳೆದು ಬೋರಲು ಹಾಕಿ, "ಇನ್ಮ್ಯಾಕೆ ನನ್ ಕೈ ತಂಟೆಗೆ ಬರ್ಬ್ಯಾಡ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಮಧ್ಯಾಹ್ನ ನಾನು ಜಗಲಿಯ ಮೇಲೆ ಒಬ್ಬಳೇ ಕೂತು ಅತ್ತುಬಿಟ್ಟೆ. ಯುಗಾದಿ ಕಣ್ಣೆದುರಿಗಿತ್ತು, ಗಂಡ ದಲ್ಲಾಳಿಯೊಬ್ಬನಿಗೆ ಫೋನ್ ಕೂಡ ಮಾಡಿದ್ದರು. ಇನ್ನು ಮೂರು ಭಾನುವಾರ ಕಳೆದರೆ ಅವನು ಹಸು ನೋಡಲು ಬರುವುದೆಂದಾಯಿತು.

ಭಾನುವಾರ ತರಗತಿ ಮುಗಿದ ಮೇಲೆ ಟೀಚರ್ ಎದುರು ಎಲ್ಲ ಒಪ್ಪಿಕೊಂಡೆ. ಕೊಟ್ಟಿಗೆಯ ಬಾಗಿಲು ಎಳೆದದ್ದನ್ನೂ ಬಿಡಲಿಲ್ಲ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾದರು.

"ಅವರು ಹಾಲು ಕರೆಯೋದನ್ನ ನೋಡಿದ್ದೀಯಾ?"

"ದಿನಾ ನೋಡ್ತೀನಿ ಟೀಚರ್."

"ಹಸು ನೋಡ್ತೀಯ, ಬಕೆಟ್ ನೋಡ್ತೀಯ. ಕೈ ನೋಡಿದ್ದೀಯಾ? ಕರೆಯುವಾಗ ಹೆಬ್ಬೆಟ್ಟು ಎಲ್ಲಿರುತ್ತೆ ಹೇಳು."

ಚಿತ್ರದಲ್ಲಿನ ಮನುಷ್ಯನ ಕೈಯ ಚುಕ್ಕಿಗಳನ್ನೆಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಅತ್ತೆಯ ಹೆಬ್ಬೆಟ್ಟು ಎಲ್ಲಿರುತ್ತದೋ ನನಗೆ ಗೊತ್ತಿರಲಿಲ್ಲ. "ಬಾ, ಬಸ್ಸೆಷ್ಟೊತ್ತಿಗೆ?" ಎನ್ನುತ್ತಾ ಟೀಚರ್ ಚಪ್ಪಲಿ ಹಾಕಿಕೊಂಡೇಬಿಟ್ಟರು!

ಮನೆಗೆ ಬಂದ ಅತಿಥಿಯ ಮುಂದೆ ಅತ್ತೆ ಮುಖ ಸಣ್ಣದು ಮಾಡುವವರಲ್ಲ. ಕಾಫಿ ಕೊಟ್ಟರು, ಸಂಜೆಯಾದ ಕೂಡಲೇ ಎದ್ದು ಕೊಟ್ಟಿಗೆಗೆ ಹೋದರು. ಟೀಚರ್ ಹಿಂದೆಯೇ ಹೋಗಿ ಒಂದು ಬಕೆಟ್ ಬೋರಲು ಹಾಕಿಕೊಂಡು ಹತ್ತಿರ ಕೂತರು. ಚುಕ್ಕೆಯದನ್ನು ಕರೆದು ಮುಗಿಸುವವರೆಗೆ ಅತ್ತೆಯ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಎರಡು ಬೆರಳು ಜೋಡಿಸಿ ಅತ್ತೆಯ ಮುಂದೆ ಹಿಡಿದರು.

"ಅಕ್ಕಾ, ಇದನ್ನ ಕರೀರಿ."

"ಏನಮ್ಮ ಇದು, ತಮಾಸಿ!"

"ಕರೀರಿ ಅಕ್ಕಾ, ಹಸು ಅಂದ್ಕೊಳ್ಳಿ."

ಅತ್ತೆ ನಾಚಿಕೊಳ್ಳುತ್ತಲೇ ಬೆರಳು ಹಿಡಿದು ಒಂದು ಸಲ ಎಳೆದರು. "ಅಮ್ಮಾಡಿ!" ಎಂದು ಟೀಚರ್ ಕೈ ಕೊಡವಿದರು. "ನೋಡಮ್ಮಾ, ಎಲುಬಿಂದ ಕುಟ್ಟಿದ ಹಾಗಾಯ್ತು." ಆಗ ನಾನು ಮೊದಲ ಬಾರಿಗೆ ನೋಡಿದೆ. ಅತ್ತೆ ಹೆಬ್ಬೆಟ್ಟನ್ನು ಅಂಗೈಯೊಳಕ್ಕೆ ಮಡಚಿಕೊಂಡು, ಆ ಮಡಚಿದ ಗೆಣ್ಣಿಗೆ ತೊಟ್ಟನ್ನು ಒತ್ತಿ ಎಳೆಯುತ್ತಿದ್ದರು. ದಿನಕ್ಕೆರಡು ಹೊತ್ತು, ಎರಡು ಹಸು, ಎಂಟು ತೊಟ್ಟು, ಎಲ್ಲದರ ಭಾರವೂ ಆ ಒಂದು ಗೆಣ್ಣಿನ ಮೇಲೆ. ಅದರ ಮೇಲಿನ ಚರ್ಮ ಜಡ್ಡುಗಟ್ಟಿ ಕರ್ರಗಾಗಿತ್ತು. ಐದು ವಾರ ನಾನು ಆ ಕೈ ಹಿಡಿದು ಕೂತಿದ್ದೆ, ಜಡ್ಡನ್ನು ಸವರಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ನಾಚಿಕೆಯಾಯಿತು.

"ಲೋಟ ಹಿಡಿಯೋ ಹಾಗೆ ಹಿಡೀಬೇಕು ಅಕ್ಕಾ. ಹೆಬ್ಬೆಟ್ಟು ಹೊರಗಿರಲಿ. ಎಳೀಬೇಡಿ, ಮೇಲಿಂದ ಒಂದೊಂದೇ ಬೆರಳು ಮುಚ್ಚುತ್ತಾ ಬನ್ನಿ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ, ಕರೆಯದ ಹೊತ್ತಲ್ಲಿ ಪಟ್ಟಿ ಬಿಚ್ಚಬೇಡಿ" ಅಂದರು ಟೀಚರ್.

ಅತ್ತೆ ಕರಿಯದರ ಪಕ್ಕ ಕೂತು ಹಾಗೆ ಹಿಡಿದು ನೋಡಿದರು. ಹನಿ ಹಾಲು ಬರಲಿಲ್ಲ. ಹಸು ನನ್ನ ಕಡೆ ನೋಡುವ ಹಾಗೆಯೇ ಅವರ ಕಡೆಗೂ ತಿರುಗಿ ನೋಡಿತು. "ಇದು ನನ್ ಕೈಯೇ ಅಲ್ಲ ಅಂತೈತೆ" ಎಂದು ಅತ್ತೆ ಮತ್ತೆ ಹಳೆಯ ಹಾಗೆಯೇ ಹೆಬ್ಬೆಟ್ಟು ಮಡಚಿಕೊಂಡರು.

ಆದರೆ ನನಗೆ ಈಗ ಹುರುಪು ಹತ್ತಿತ್ತು, ನನ್ನನ್ನು ಹಿಡಿಯುವವರು ಯಾರು? ಟೀಚರನ್ನು ಬಸ್ ಹತ್ತಿಸಿ, ಮರುದಿನ ಮೆಡಿಕಲ್ ಸ್ಟೋರಿನಿಂದ ರಬ್ಬರ್ ಗ್ಲೌಸ್ ತಂದೆ. ನೀರು ತುಂಬಿಸಿ, ಬಾಯಿ ಕಟ್ಟಿ, ಬೆರಳುಗಳ ತುದಿಗೆ ಸೂಜಿಯಿಂದ ತೂತು ಮಾಡಿ, ಹಿತ್ತಿಲ ಬಾಗಿಲ ಚಿಲಕಕ್ಕೆ ನೇತುಹಾಕಿದೆ. ಐದು ತೊಟ್ಟಿನ ಹಸು! ಅತ್ತೆ ಎರಡು ದಿನ ಅದನ್ನು ನೋಡಿಯೂ ನೋಡದ ಹಾಗಿದ್ದರು. ಮೂರನೆಯ ದಿನ ನಾನು ಕರೆಯುತ್ತಾ ಸೀರೆಯೆಲ್ಲ ಒದ್ದೆ ಮಾಡಿಕೊಂಡಾಗ ತಡೆಯಲಾರದೆ, "ಅಂಗಲ್ಲ ಕಣೇ, ಮ್ಯಾಗಿಂದ ಮುಚ್ಚು ಅಂದ್ರಲ್ಲ ಆಯಮ್ಮ, ಸರಿ ಆಚಿಗೆ" ಎಂದು ನನ್ನನ್ನು ತಳ್ಳಿದರು. ಹೆಬ್ಬೆಟ್ಟು ಹೊರಗಿಟ್ಟು ಬೆರಳು ಮುಚ್ಚಿದರು. ನೀರು ಚಿರ್ರೆಂದು ಗೋಡೆಗೆ ಹೊಡೆಯಿತು. ಇಬ್ಬರೂ ಚೀರಿದೆವು! ಅವತ್ತು ಆ ಗ್ಲೌಸು ಒಡೆಯುವವರೆಗೆ ಸರದಿಯ ಮೇಲೆ ಕರೆದೆವು, ಮರುದಿನ ಹೊಸದು ಕಟ್ಟಿದೆ.

ಕರಿಯದು ಮೊದಲು ಒಪ್ಪಿತು. ಅತ್ತೆ ಶುರುವಿಗೆ ಹಳೆಯ ಹಿಡಿತದಲ್ಲಿ ಹಾಲಿಳಿಸಿ, ನಡುವೆ ಮೆಲ್ಲಗೆ ಹೆಬ್ಬೆಟ್ಟು ಬಿಡಿಸಿಕೊಳ್ಳುತ್ತಿದ್ದರು. ದಿನಕ್ಕೊಂದು ತೊಟ್ಟು ಹೊಸ ಕೈಗೆ ಬಂತು. ನಾನು ಪಕ್ಕದಲ್ಲಿ ಕೂತು ಆಟ ನೋಡುವವಳ ಹಾಗೆ, "ಹೊರಗೆ, ಹೊರಗೆ, ಹೆಬ್ಬೆಟ್ಟು ಹೊರಗೆ!" ಎಂದು ಕೂಗುತ್ತಿದ್ದೆ. ಎರಡನೆಯ ವಾರ ಚುಕ್ಕೆಯದೂ ಹೊಸ ಹಿಡಿತಕ್ಕೆ ಒದೆಯುವುದನ್ನು ಬಿಟ್ಟಿತು. ಮಧ್ಯಾಹ್ನದ ಹೊತ್ತು ಅತ್ತೆ ತಾವಾಗಿಯೇ ಜಗಲಿಗೆ ಬಂದು ಮತ್ತೆ ಕೈ ಚಾಚಿದರು. ಊತ ಇಳಿಯುತ್ತಿರುವುದು ನನ್ನ ಬೆರಳಿಗೇ ತಿಳಿಯುತ್ತಿತ್ತು. ಮಾತ್ರೆಯೋ, ಪಟ್ಟಿಯೋ, ನನ್ನ ಒತ್ತುವಿಕೆಯೋ, ಹೊಸ ಹಿಡಿತವೋ, ಯಾವುದು ಎಷ್ಟು ಕೆಲಸ ಮಾಡಿತು ಅಂತ ನಾನು ಹೇಳಲಾರೆ. ಒಂದು ಬೆಳಗ್ಗೆ ಎದ್ದಾಗ ಅತ್ತೆ ಕನ್ನಡಿಯ ಮುಂದೆ ನಿಂತು ಬಲಗೈಯಿಂದಲೇ ತಲೆ ಬಾಚಿಕೊಳ್ಳುತ್ತಿದ್ದರು. ನಾನು ಓಡಿಹೋಗಿ ಸ್ನಾನದ ಮನೆಯ ಬಾಗಿಲು ಬಡಿದು ಗಂಡನಿಗೆ ಸುದ್ದಿ ಹೇಳಿದೆ.

ದಲ್ಲಾಳಿ ಹೇಳಿದ ಭಾನುವಾರವೇ ಬಂದ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು, "ಕುಡ್ದು ಓಗಪ್ಪ, ಅಸ ಕೊಡಲ್ಲ" ಅಂದರು. ನನ್ನ ಗಂಡ ತಾಯಿಯ ಕೈ ಹಿಡಿದು, ಹೆಬ್ಬೆಟ್ಟನ್ನು ಅತ್ತಿತ್ತ ಆಡಿಸಿ ನೋಡಿ, ದಲ್ಲಾಳಿಯನ್ನು ರಸ್ತೆಯವರೆಗೆ ಬಿಟ್ಟುಬಂದರು.

ಆ ಸಂಜೆ ಅತ್ತೆ ನನ್ನನ್ನು ಕರಿಯದರ ಪಕ್ಕ ಕೂರಿಸಿದರು. ನನ್ನ ಕೈಯ ಮೇಲೆ ತಮ್ಮ ಕೈ ಮುಚ್ಚಿ, ಬೆರಳೊಂದೊಂದನ್ನೇ ಒತ್ತಿಸಿದರು. ಹಾಲು ಬಂತು. ನಾನು ಕರೆದ ಹಾಲು! ಖುಷಿ ತಡೆಯಲಾರದೆ, "ಎಷ್ಟು ಸುಲಭ ಅತ್ತೆ ಇದು! ನಿಮಗೆ ಆ ಹೆಬ್ಬೆಟ್ಟು ಮಡಚೋದನ್ನ ಕಲಿಸಿದ ಮಹಾತಾಯಿ ಯಾರು?" ಎಂದು ಕೇಳಿಬಿಟ್ಟೆ.

ಅತ್ತೆ ಕೆಚ್ಚಲನ್ನೇ ನೋಡುತ್ತಾ ಹೇಳಿದರು. "ಯಾರೂ ಕಲ್ಸಿಲ್ಲ ಕಣಮ್ಮ. ಈ ಮನೆಗೆ ಸೊಸೆ ಆಗಿ ಬಂದಾಗ ನಂಗೆ ಅನ್ನೆರಡೋ ಅದಿಮೂರೋ. ಇಲ್ಲೊಂದು ಎಮ್ಮೆ ಇತ್ತು, ತೊಟ್ಟು ಇಷ್ಟು ದಪ್ಪ. ನನ್ ಕೈ ಅದರ ಸುತ್ತ ಬತ್ತಾನೇ ಇರ್ಲಿಲ್ಲ. ಆಲು ಕರೀದಿದ್ರೆ ನಮ್ಮತ್ತೆ ಉಣ್ಣಕ್ಕಿಕ್ಕಲ್ಲ. ಎಬ್ಬೆಟ್ಟು ಮಡಚಿ ಎಳುದ್ರೆ ಬಂತು. ಅದೇ ಬಿದ್ದೋಯ್ತು ಅಭ್ಯಾಸ." ಕೆಚ್ಚಲನ್ನು ಒರೆಸುತ್ತಾ, "ಆಮ್ಯಾಕೆ ಕೈ ಬೆಳೀತು. ಬೆಳೀತು ಅಂತ ನಂಗ್ಯಾರೂ ಏಳ್ಲಿಲ್ಲ" ಅಂದರು.

ಹಾಲು ಮೆತ್ತಿದ ನನ್ನ ಅಂಗೈಯನ್ನು ಅವರ ಅಂಗೈಗೆ ಜೋಡಿಸಿ ಹಿಡಿದೆ. ಅವರ ಬೆರಳುಗಳು ನನ್ನವಕ್ಕಿಂತ ಅರ್ಧ ಗೆಣ್ಣು ಉದ್ದ ಇದ್ದವು. ಅತ್ತೆ ಬೆಳಕಿಗೆ ತಿರುಗಿಸಿ ಎರಡನ್ನೂ ಬಹಳ ಹೊತ್ತು ನೋಡಿದರು.